ಪಾಸ್‌ಪೋರ್ಟಿನ ಜೊತೆಗೊಂದು ಚೀಟಿ: ಹೊರದೇಶಕ್ಕೆ ಹೋಗುವವರು ಸೋಂಕು ರೋಗಗಳಿಂದ ಕಾಪಾಡಿಕೊಳ್ಳುವ ಬಗೆ

ಉತ್ತರ ಕನ್ನಡದಿಂದ ಹೊರದೇಶಕ್ಕೆ ಹೋಗುವವರಲ್ಲಿ ಬರೀ ಊರು ನೋಡಲು ಹೋಗುವವರು ಕಡಿಮೆ. ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು, ಉಮ್ರಾ ಮತ್ತು ಹಜ್ ಯಾತ್ರೆಗೆ ಹೊರಡುವವರು, ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಹಡಗಿನ ಕೆಲಸಕ್ಕೆ ಸೇರಿದವರು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವ ಅಪ್ಪ-ಅಮ್ಮಂದಿರು, ಓದಲೆಂದು ಹೋಗುವ ಮಕ್ಕಳು, ಹೀಗೆ ಒಬ್ಬೊಬ್ಬರ ದಾರಿ ಒಂದೊಂದು. ಎಲ್ಲರ ಪೆಟ್ಟಿಗೆಯಲ್ಲೂ ಅಪ್ಪೆಮಿಡಿ ಉಪ್ಪಿನಕಾಯಿಗೆ ಜಾಗ ಇದ್ದೇ ಇರುತ್ತದೆ. ಆದರೆ ಯಾವ ಲಸಿಕೆ ಹಾಕಿಸಿಕೊಂಡಿದ್ದೇವೆ, ಹೋಗುವ ಊರಿನಲ್ಲಿ ಯಾವ ರೋಗ ಇದೆ ಎಂದು ಬರೆದ ಒಂದು ಹಾಳೆ ಮಾತ್ರ ಬಹುಪಾಲು ಜನರ ಬಳಿ ಇರುವುದಿಲ್ಲ.

ಅಂಥ ಹಾಳೆ ಎಷ್ಟು ಮುಖ್ಯ ಎಂಬುದು ನಮ್ಮ ಮನೆಗೆ ತಿಳಿದದ್ದು ಒಂದು ಜುಲೈ ತಿಂಗಳಲ್ಲಿ. ನನ್ನ ತಮ್ಮ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾನೆ. ಪಶ್ಚಿಮ ಆಫ್ರಿಕಾದ ಬಂದರೊಂದರಲ್ಲಿ ಹಡಗು ಬಿಟ್ಟು, ವಿಮಾನ ಹತ್ತಿ ಊರಿಗೆ ಬಂದ ಹತ್ತನೆಯ ದಿನ ಅವನಿಗೆ ಚಳಿ ಹಿಡಿದು ಜ್ವರ ಬಂತು. ಮಳೆಗಾಲದಲ್ಲಿ ಜ್ವರ ಎಂದರೆ ಕರಾವಳಿಯಲ್ಲಿ ಮೊದಲು ನೆನಪಾಗುವುದು ಇಲಿ ಜ್ವರ ಮತ್ತು ಡೆಂಗಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಅದಕ್ಕೇ ಔಷಧ ಕೊಟ್ಟರು. ಎಲ್ಲಿಗೆ ಹೋಗಿದ್ದಿರಿ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಮೂರನೆಯ ದಿನ ಅವನ ಕಣ್ಣು ಹಳದಿಯಾಗಿ, ಮಾತು ತಡವರಿಸತೊಡಗಿದಾಗ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆ ನಾಡಿ ಹಿಡಿದುಕೊಂಡೇ, "ಅಣ್ಣ, ಈ ತಿಂಗಳಲ್ಲಿ ಎಲ್ಲಾದರೂ ಹೊರಗೆ ಹೋಗಿದ್ದಿರಾ?" ಎಂದು ಕೇಳಿದರು. ಒಂದು ಗಂಟೆಯೊಳಗೆ ರಕ್ತ ಪರೀಕ್ಷೆಯಲ್ಲಿ ಫಾಲ್ಸಿಪಾರಮ್ ಎಂಬ ಅಪಾಯಕಾರಿ ಬಗೆಯ ಮಲೇರಿಯಾ ಎಂದು ಗೊತ್ತಾಯಿತು. ತಮ್ಮ ಉಳಿದುಕೊಂಡ. ಮನೆಗೆ ಬಂದು ಅವನ ಚೀಲ ಬಿಚ್ಚಿದಾಗ, ಅರ್ಧ ಮಾತ್ರ ಖಾಲಿಯಾಗಿದ್ದ, ಮಲೇರಿಯಾ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯ ಪಟ್ಟಿಗಳು ಸಿಕ್ಕವು. ಹಡಗಿನಿಂದ ಇಳಿದ ದಿನವೇ ಅವನು ಮಾತ್ರೆ ನಿಲ್ಲಿಸಿದ್ದ.

ನಮ್ಮ ಜಿಲ್ಲೆಯಲ್ಲಿ ಜ್ವರಕ್ಕೆ ಸ್ಥಳೀಯ ಕಾರಣಗಳೇ ಬೇಕಾದಷ್ಟಿವೆ: ಇಲಿ ಜ್ವರ, ಡೆಂಗಿ, ಟೈಫಾಯಿಡ್, ಘಟ್ಟದ ಮೇಲೆ ಮಂಗನ ಕಾಯಿಲೆ. ಹೊರಗಿನಿಂದ ಬಂದ ರೋಗ ಇವುಗಳ ನಡುವೆ ಸುಲಭವಾಗಿ ಮರೆಯಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಸಿದ್ಧತೆಯ ಜೊತೆಗೆ, ಹೋದ ಊರು ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಾವಾಗಿಯೇ ಹೇಳುವ ರೂಢಿಗೂ ಒತ್ತು ಕೊಟ್ಟಿದ್ದೇನೆ.

ಆರು ವಾರ ಮೊದಲು

ಟಿಕೆಟ್ ಕಾಯ್ದಿರಿಸಿದ ವಾರವೇ ವೈದ್ಯರನ್ನು ಕಾಣುವುದು ಸರಿಯಾದ ಕ್ರಮ. ಹೊರಡುವುದಕ್ಕೆ ಕನಿಷ್ಠ ನಾಲ್ಕರಿಂದ ಆರು ವಾರ ಇರುವಾಗ ಹೋಗಬೇಕು, ಏಕೆಂದರೆ ಕೆಲವು ಲಸಿಕೆಗಳಿಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು, ಮತ್ತು ಲಸಿಕೆ ಹಾಕಿಸಿಕೊಂಡ ಮೇಲೆ ದೇಹದಲ್ಲಿ ರಕ್ಷಣೆ ಮೂಡಲು ಒಂದೆರಡು ವಾರ ಹಿಡಿಯುತ್ತದೆ. ಹೋಗುವಾಗ ಪೂರ್ಣ ಪ್ರಯಾಣದ ದಾರಿಯನ್ನು ಬರೆದುಕೊಂಡು ಹೋಗಿ. "ಆಫ್ರಿಕಾಕ್ಕೆ" ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಯಾವ ದೇಶ, ನಗರವೋ ಹಳ್ಳಿಯೋ, ಎಷ್ಟು ದಿನ, ನಡುವೆ ಎಲ್ಲಿ ವಿಮಾನ ಬದಲಿಸುತ್ತೀರಿ ಎಂಬುದೆಲ್ಲ ಬೇಕು. ಸಕ್ಕರೆ ಕಾಯಿಲೆ, ಗರ್ಭ, ಮೊಟ್ಟೆಯ ಅಲರ್ಜಿ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳು ಇವೆಲ್ಲವನ್ನೂ ಮೊದಲೇ ಹೇಳಬೇಕು.

ಮೊದಲ ಕೆಲಸ ಹಳೆಯ ಲಸಿಕೆಗಳನ್ನು ಸರಿಮಾಡಿಕೊಳ್ಳುವುದು. ದೊಡ್ಡವರಾದ ಮೇಲೆ ಲಸಿಕೆ ಎಂದರೆ ಮೊಳೆ ತಾಗಿದಾಗ ಹಾಕಿಸುವ ಧನುರ್ವಾಯು ಚುಚ್ಚುಮದ್ದು ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ದಡಾರ ಇಂದಿಗೂ ವಿಮಾನ ನಿಲ್ದಾಣಗಳಲ್ಲಿ ಹರಡುವ ರೋಗ. ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಅದರ ವೈರಾಣು ಮುಚ್ಚಿದ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಓದಲು ಹೋಗುವ ಮಕ್ಕಳಿಗೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆಯ ಎರಡು ಡೋಸ್‌ಗಳ ದಾಖಲೆ ಕೇಳುತ್ತವೆ. ಎರಡರ ನಡುವೆ ಕನಿಷ್ಠ 28 ದಿನದ ಅಂತರ ಬೇಕಾದ್ದರಿಂದ ಕೊನೆಯ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಹಾಸ್ಟೆಲಿನಲ್ಲಿ ಉಳಿಯುವವರು ಮಿದುಳಿನ ಪೊರೆಗೆ ತಗಲುವ ಸೋಂಕಾದ ಮೆನಿಂಜೈಟಿಸ್‌ನ ಲಸಿಕೆಯ ಬಗ್ಗೆಯೂ ವಿಚಾರಿಸಬೇಕು.

ಬಾಣಂತನಕ್ಕೆ ಹೋಗುವ ಅಜ್ಜ-ಅಜ್ಜಿಯರ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. ಅವರು ತಮ್ಮ ಬಿಪಿ ಮಾತ್ರೆಯನ್ನು ಆರು ತಿಂಗಳಿಗೆ ಲೆಕ್ಕ ಹಾಕಿ ಒಯ್ಯುತ್ತಾರೆ, ಅಂಟಿನುಂಡೆ, ಬಾಣಂತಿ ಲೇಹ್ಯ ಕಟ್ಟಿಕೊಳ್ಳುತ್ತಾರೆ, ಆದರೆ ಹುಟ್ಟಿದ ಕೂಸಿಗೆ ತಮ್ಮಿಂದಲೇ ನಾಯಿಕೆಮ್ಮು ತಗುಲಬಹುದೆಂಬ ಯೋಚನೆ ಅವರಿಗೆ ಬಂದಿರುವುದಿಲ್ಲ. ದೊಡ್ಡವರಲ್ಲಿ ನಾಯಿಕೆಮ್ಮು ಮಾಮೂಲು ಕೆಮ್ಮಿನಂತೆಯೇ ಇರಬಹುದು. ಎರಡು ತಿಂಗಳೊಳಗಿನ, ಇನ್ನೂ ಲಸಿಕೆಯಾಗದ ಕೂಸಿಗೆ ಅದೇ ಪ್ರಾಣಾಂತಿಕವಾಗಬಲ್ಲದು. ಟಿಡ್ಯಾಪ್ ಎಂಬ ಒಂದು ಚುಚ್ಚುಮದ್ದು ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರರಿಂದಲೂ ಕಾಯುತ್ತದೆ. ಕೂಸನ್ನು ಎತ್ತಿಕೊಳ್ಳುವುದಕ್ಕೆ ಎರಡು ವಾರ ಮೊದಲಾದರೂ ಅದನ್ನು ಹಾಕಿಸಿಕೊಂಡಿರಬೇಕು. ಅಮೆರಿಕ, ಯುರೋಪಿನಲ್ಲಿ ಫ್ಲೂ ಹೆಚ್ಚುವುದು ಅಲ್ಲಿನ ಚಳಿಗಾಲದಲ್ಲಿ, ಆಸ್ಟ್ರೇಲಿಯಾದಲ್ಲಿ ನಮ್ಮ ಮಳೆಗಾಲದ ಹೊತ್ತಿಗೆ. ಆ ಕಾಲಕ್ಕೆ ಹೊಂದುವಂತೆ ಫ್ಲೂ ಲಸಿಕೆಯೂ ಆಗಲಿ.

ಊಟ-ನೀರಿನಿಂದ ಬರುವ ಟೈಫಾಯಿಡ್ ಮತ್ತು ಯಕೃತ್ತಿನ ಸೋಂಕಾದ ಹೆಪಟೈಟಿಸ್ ಎ ಎರಡಕ್ಕೂ ಲಸಿಕೆ ಇದೆ. ಹೆಪಟೈಟಿಸ್ ಬಿ ಲಸಿಕೆ ಮಾತ್ರ ಸಾಮಾನ್ಯವಾಗಿ ಸೊನ್ನೆ, ಒಂದು, ಆರನೆಯ ತಿಂಗಳ ಲೆಕ್ಕದಲ್ಲಿ ಮೂರು ಡೋಸ್ ಆಗಿರುವುದರಿಂದ, ಹಡಗಿನ ಕೆಲಸಕ್ಕೋ ಆಸ್ಪತ್ರೆಯ ಕೆಲಸಕ್ಕೋ ಹೋಗುವವರು ಅದನ್ನು ಬಹಳ ಮೊದಲೇ ಶುರುಮಾಡಬೇಕು.

ಪ್ರಮಾಣಪತ್ರ ಬೇಕಾಗುವ ಎರಡು ಲಸಿಕೆಗಳು

ಮೊದಲನೆಯದು ಯೆಲ್ಲೋ ಫೀವರ್ ಲಸಿಕೆ. ಇದು ಕಾಮಾಲೆಯಲ್ಲ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಸೊಳ್ಳೆಯಿಂದ ಹರಡುವ ಬೇರೆಯೇ ವೈರಾಣು ರೋಗ. ನೈಜೀರಿಯಾ, ಘಾನಾ, ಉಗಾಂಡಾ, ಬ್ರೆಜಿಲ್ ಮುಂತಾದ ದೇಶಗಳಿಗೆ ಹೋಗುವವರಿಗೆ ಇದು ಬೇಕು. ಈ ರೋಗ ಭಾರತದಲ್ಲಿ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಹಿತ್ತಲಿನ ತೆಂಗಿನ ಗರಟೆಯಲ್ಲೇ ಇದೆ. ಅದಕ್ಕೇ ನಮ್ಮ ಸರ್ಕಾರ ಈ ವಿಷಯದಲ್ಲಿ ಬಿಗಿಯಾಗಿದೆ: ಅಂಥ ದೇಶದಿಂದ ಪ್ರಮಾಣಪತ್ರವಿಲ್ಲದೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ, ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿ ಹಳದಿ ಬಣ್ಣದ ಕಿರುಪುಸ್ತಕ ಕೊಡುತ್ತಾರೆ. ಕಾರವಾರದವರಿಗೆ ಗೋವಾ, ಇನ್ನುಳಿದವರಿಗೆ ಬೆಂಗಳೂರು ಅನುಕೂಲವಾಗಬಹುದು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುವುದರಿಂದ ವಾರದ ನಿಗದಿತ ದಿನಗಳಲ್ಲಿ, ಮೊದಲೇ ಹೆಸರು ಕೊಟ್ಟವರಿಗೆ ಹಾಕುವುದು ವಾಡಿಕೆ. ಆದ್ದರಿಂದ ಫೋನ್ ಮಾಡಿ ವಿಚಾರಿಸದೆ ರೈಲು ಹತ್ತಬೇಡಿ.

ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಆ ಪುಸ್ತಕಕ್ಕೆ ಬೆಲೆ. 2016ರ ಜುಲೈ 11ರಿಂದ ಒಂದು ಡೋಸಿನ ಪ್ರಮಾಣಪತ್ರ ಜೀವನಪೂರ್ತಿ ಸಿಂಧುವಾಗಿದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕೆಂಬ ಹಳೆಯ ನಿಯಮ ಈಗಿಲ್ಲ. ಕೇಂದ್ರದಲ್ಲೇ ನಿಂತು ಹೆಸರಿನ ಅಕ್ಷರಗಳು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಸಹಿ, ಮುದ್ರೆ ಒಂದೊಂದನ್ನೂ ಓದಿ ನೋಡಿ. ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಮೊಟ್ಟೆಯ ತೀವ್ರ ಅಲರ್ಜಿ ಇದ್ದವರಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಹೊಂದುವುದಿಲ್ಲ. ಅರವತ್ತು ದಾಟಿದವರು ಮತ್ತು ಗರ್ಭಿಣಿಯರು ವೈದ್ಯರೊಂದಿಗೆ ಕೂತು ತೂಗಿ ನೋಡಿಯೇ ನಿರ್ಧರಿಸಬೇಕು.

ಎರಡನೆಯದು ಹಜ್ ಮತ್ತು ಉಮ್ರಾ ಯಾತ್ರಿಕರಿಗೆ ಸೌದಿ ಅರೇಬಿಯಾ ಕಡ್ಡಾಯ ಮಾಡಿರುವ ಮೆನಿಂಜೈಟಿಸ್ ಲಸಿಕೆ. ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಬಗೆಗಳಿಂದ ಕಾಯುವ ಲಸಿಕೆಯೇ ಆಗಬೇಕು, ಸೌದಿ ತಲುಪುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು. ಪಾಲಿಸ್ಯಾಕರೈಡ್ ಲಸಿಕೆಯಾದರೆ ಮೂರು ವರ್ಷ, ಕಾಂಜುಗೇಟ್ ಲಸಿಕೆಯಾದರೆ ಐದು ವರ್ಷ ಮಾನ್ಯ. ಯಾವುದು ಹಾಕಿದ್ದಾರೆಂದು ಪತ್ರದಲ್ಲಿ ಬರೆಸಿಕೊಳ್ಳದಿದ್ದರೆ ಮೂರು ವರ್ಷವೆಂದೇ ಲೆಕ್ಕವಾಗುವ ಸಾಧ್ಯತೆ ಇದೆ. ಪೋಲಿಯೊ ಹನಿಯಂಥ ಇತರ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಸೂಚನೆಯನ್ನೇ ನೋಡಬೇಕು.

ಸೊಳ್ಳೆ, ಮತ್ತು ನಿಲ್ಲಿಸಬಾರದ ಮಾತ್ರೆ

"ನಾವು ಸೊಳ್ಳೆ ಊರಿನವರು, ನಮಗೇನಾಗುತ್ತದೆ" ಎಂಬ ಮಾತನ್ನು ಕರಾವಳಿಯಲ್ಲಿ ಬಹಳ ಕೇಳಿದ್ದೇನೆ. ಈ ಧೈರ್ಯ ಅಪಾಯಕಾರಿ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಂಡಿರುವ ವೈವಾಕ್ಸ್ ಮಲೇರಿಯಾವೇ ಬೇರೆ, ಆಫ್ರಿಕಾದ ಫಾಲ್ಸಿಪಾರಮ್ ಮಲೇರಿಯಾವೇ ಬೇರೆ. ಎರಡನೆಯದು ಒಂದೆರಡು ದಿನಗಳಲ್ಲೇ ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಕೊಡಬಲ್ಲದು, ಮತ್ತು ನಮಗೆ ಪರಿಚಿತವಾದ ಕ್ಲೋರೋಕ್ವಿನ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಅಂಥ ಪ್ರದೇಶಕ್ಕೆ ಹೋಗುವವರು ತಡೆ ಮಾತ್ರೆ ತೆಗೆದುಕೊಳ್ಳಬೇಕು. ಯಾವ ಮಾತ್ರೆ ಎಂದು ವೈದ್ಯರೇ ನಿರ್ಧರಿಸುತ್ತಾರೆ, ಆದರೆ ಅದರ ಲೆಕ್ಕ ನಿಮಗೂ ಗೊತ್ತಿರಲಿ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಅಲ್ಲಿರುವಷ್ಟು ದಿನವೂ ದಿನಕ್ಕೊಂದು ನುಂಗಿ, ಆ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ವಾರಕ್ಕೊಮ್ಮೆ ನುಂಗುವ ಮೆಫ್ಲೋಕ್ವಿನ್ ಎರಡು ವಾರ ಮೊದಲೇ ಶುರುವಾಗಬೇಕು, ಅದಕ್ಕೂ ಕೊನೆಯ ನಾಲ್ಕು ವಾರ ಉಂಟು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಬಿಟ್ಟ ಮೇಲೆ ಏಳು ದಿನ ಸಾಕು. ಈ ವ್ಯತ್ಯಾಸಕ್ಕೆ ಕಾರಣವಿದೆ. ಸೊಳ್ಳೆ ಕಚ್ಚಿದಾಗ ಒಳಗೆ ಬಂದ ಪರೋಪಜೀವಿ ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆದು, ದಿನಗಳ ನಂತರ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಮುಖ್ಯವಾಗಿ ರಕ್ತಕ್ಕೆ ಬಂದವುಗಳನ್ನು ಕೊಲ್ಲುವ ಔಷಧ, ಆದ್ದರಿಂದ ಕೊನೆಯ ದಿನ ಕಚ್ಚಿದ ಸೊಳ್ಳೆಯ ಲೆಕ್ಕ ತೀರುವವರೆಗೂ ಅದು ರಕ್ತದಲ್ಲಿರಬೇಕು. ಹಡಗಿನಿಂದ ಇಳಿದಾಯಿತಲ್ಲ ಎಂದು ನನ್ನ ತಮ್ಮ ಬಿಟ್ಟದ್ದು ಈ ನಾಲ್ಕು ವಾರದ ಮಾತ್ರೆಯನ್ನೇ.

ಮಾತ್ರೆ ಇದ್ದರೂ ಕಚ್ಚಿಸಿಕೊಳ್ಳಬಾರದು. ಮಲೇರಿಯಾದ ಅನಾಫಿಲಿಸ್ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚಿದರೆ, ಡೆಂಗಿ, ಜಿಕಾ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಹಗಲಿನಲ್ಲಿ ಕಚ್ಚುತ್ತದೆ. ಥಾಯ್ಲೆಂಡ್, ಬಾಲಿ, ಸಿಂಗಪುರದ ಪ್ರವಾಸದಲ್ಲಿ ಹೆಚ್ಚಿನ ಎಚ್ಚರ ಬೇಕಾಗುವುದು ಈ ಹಗಲಿನ ಸೊಳ್ಳೆಗೆ. ಡೀಟ್ ಶೇಕಡಾ 20ರಿಂದ 50ರಷ್ಟು ಇರುವ, ಇಲ್ಲವೇ ಪಿಕಾರಿಡಿನ್ ಶೇಕಡಾ 20 ಇರುವ, ಸೊಳ್ಳೆ ಓಡಿಸುವ ಲೇಪನವನ್ನು ತೆರೆದ ಮೈಗೆ ಹಚ್ಚಬೇಕು. ಬಿಸಿಲಿನ ಕ್ರೀಮ್ ಹಚ್ಚುವವರು ಮೊದಲು ಅದನ್ನು ಹಚ್ಚಿ, ಅದರ ಮೇಲೆ ಇದನ್ನು ಹಚ್ಚಬೇಕು. ತುಂಬು ತೋಳಿನ ಅಂಗಿ, ರಾತ್ರಿ ಸೊಳ್ಳೆ ಪರದೆ ನಮಗೆ ಹೊಸದಲ್ಲ. ಜಿಕಾ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು, ಆದ್ದರಿಂದ ಗರ್ಭಿಣಿಯರು ಅದು ಇರುವ ದೇಶಕ್ಕೆ ಹೋಗದಿರುವುದೇ ಒಳ್ಳೆಯದು. ಮಗುವಿಗಾಗಿ ಕಾಯುತ್ತಿರುವ ದಂಪತಿ ಅಂಥಲ್ಲಿಂದ ಬಂದರೆ ಗಂಡಸು ಮೂರು ತಿಂಗಳು, ಹೆಂಗಸು ಎರಡು ತಿಂಗಳು ಕಾಯಬೇಕು, ಏಕೆಂದರೆ ಜಿಕಾ ಲೈಂಗಿಕ ಸಂಪರ್ಕದಿಂದಲೂ ದಾಟುತ್ತದೆ.

ಉಣುಗು

ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನವರಿಗೆ ಉಣುಗಿನ ಬಗ್ಗೆ ಹೊರಗಿನವರು ಹೇಳಬೇಕಾದ್ದಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಜೀವಗಳನ್ನು ತೆಗೆದಿದೆ. ಕಾಡಿಗೆ ಹೋಗುವ ಮೊದಲು ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯುವ ರೂಢಿ ಇಲ್ಲಿದೆ. ಅದೇ ರೂಢಿಯನ್ನು ಹೊರದೇಶದ ಕಾಡಿಗೂ ಒಯ್ಯಿರಿ. ಆಸ್ಟ್ರಿಯಾ, ಜರ್ಮನಿ, ಜೆಕ್ ದೇಶದ ಕಾಡುಗಳಲ್ಲಿ ಉಣುಗಿನಿಂದ ಮಿದುಳು ಜ್ವರ ಬರುತ್ತದೆ, ಅದಕ್ಕೆ ಲಸಿಕೆಯೂ ಇದೆ; ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಲೈಮ್ ರೋಗವಿದೆ. ಮಗನ ಮನೆಯ ಹಿಂದಿನ ಹುಲ್ಲಿನಲ್ಲಿ ತಿರುಗಾಡಿ ಬಂದ ಅಜ್ಜ ಮಂಡಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಕೆಳಗೆ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ ಹಚ್ಚುವುದು, ಬೀಡಿಯ ಬೆಂಕಿ ತಾಗಿಸುವುದು ತಪ್ಪು. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ನಂತರದ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಬಳೆಯಂತೆ ಹಿಗ್ಗುವ ಗುರುತು ಕಂಡರೆ ವೈದ್ಯರಿಗೆ ತೋರಿಸಬೇಕು.

ಊಟ, ನೀರು, ಹೊಳೆ

ಬಿಸಿಬಿಸಿಯಾಗಿ ಬೆಂದದ್ದನ್ನು ತಿನ್ನುವುದು, ಕೈಯಾರೆ ಸಿಪ್ಪೆ ಸುಲಿದ ಹಣ್ಣನ್ನು ತಿನ್ನುವುದು, ಸೀಲು ಒಡೆಯದ ಬಾಟಲಿಯ ಅಥವಾ ಒಂದು ನಿಮಿಷ ಕುದ್ದ ನೀರನ್ನು ಕುಡಿಯುವುದು ನಮಗೆ ಗೊತ್ತಿರುವುದೇ. ತಪ್ಪುವುದು ಸಣ್ಣ ಜಾಗಗಳಲ್ಲಿ: ಜ್ಯೂಸಿಗೆ ಹಾಕಿದ ಐಸ್, ಹಲ್ಲುಜ್ಜುವಾಗ ಬಾಯಿಗೆ ಹೋದ ನಲ್ಲಿ ನೀರು, ನಿಂಬೆ ಹಿಂಡಿದ ಹಸಿ ಸೌತೆ-ಟೊಮೆಟೊ. ಕೈಗೆ ಹಚ್ಚುವ ಸ್ಯಾನಿಟೈಸರ್ ವಾಂತಿ-ಭೇದಿ ತರುವ ನೊರೊ ವೈರಾಣುವನ್ನು ಸರಿಯಾಗಿ ಕೊಲ್ಲುವುದಿಲ್ಲ, ಅದಕ್ಕೆ ಸಾಬೂನು ಮತ್ತು ನೀರೇ ಬೇಕು. ಭೇದಿಯಾದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ. ಅದು ಸಿಗದಿದ್ದರೆ ಒಂದು ಲೀಟರಿಗೆ ಆರು ಸಮತಟ್ಟು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕುಡಿಯಬೇಕು, ಚಮಚ ಚಹಾದ್ದೇ ಆಗಿರಲಿ. ರಕ್ತ ಬಿದ್ದರೆ ಅಥವಾ ಜೋರು ಜ್ವರ ಇದ್ದರೆ ಭೇದಿ ಕಟ್ಟುವ ಮಾತ್ರೆ ನುಂಗದೆ ವೈದ್ಯರ ಬಳಿ ಹೋಗಬೇಕು.

ಹೊಳೆಯ ವಿಷಯವನ್ನು ನಮ್ಮವರಿಗೆ ಒತ್ತಿ ಹೇಳಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಲ್ಲಿ ಈಜಿ ಬೆಳೆದವರಿಗೆ ತಿಳಿನೀರು ಕಂಡರೆ ಇಳಿಯದೆ ಇರಲಾಗುವುದಿಲ್ಲ. ಆದರೆ ಆಫ್ರಿಕಾದ ವಿಕ್ಟೋರಿಯಾ, ಮಲಾವಿ ಸರೋವರಗಳಂಥ ಸಿಹಿನೀರಿನಲ್ಲಿ ಶಿಸ್ಟೊಸೋಮಾ ಎಂಬ ಹುಳು ಇದೆ. ಬಸವನ ಹುಳುವಿನಿಂದ ಹೊರಬಂದ ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನೀರಿನಲ್ಲಿ ಕಾಲಿಟ್ಟು ನಿಂತ ಕೆಲವೇ ನಿಮಿಷಗಳಲ್ಲಿ ಗಾಯವಿಲ್ಲದ ಚರ್ಮವನ್ನೂ ಕೊರೆದು ಒಳಹೋಗುತ್ತವೆ. ಕುಡಿಯದಿದ್ದರೂ ಸೋಂಕು ತಗಲುತ್ತದೆ. ಮೂತ್ರದಲ್ಲಿ ರಕ್ತ, ಹೊಟ್ಟೆನೋವು ತಿಂಗಳುಗಳ ನಂತರ ಕಾಣಿಸಬಹುದು, ಆಗ ಇಲ್ಲಿನ ವೈದ್ಯರಿಗೆ ಅದರ ಅನುಮಾನ ಬರುವುದು ಕಷ್ಟ. ಸಮುದ್ರದಲ್ಲಿ ಮತ್ತು ಕ್ಲೋರಿನ್ ಹಾಕಿದ ಕೊಳದಲ್ಲಿ ಈ ಭಯವಿಲ್ಲ.

ಪ್ರಾಣಿಗಳು, ಮತ್ತು ಹೇಳಲು ಸಂಕೋಚಪಡುವ ಮಾತು

ಬಾಲಿಯ ದೇವಸ್ಥಾನಗಳ ಮಂಗಗಳಿಗೆ ಬಾಳೆಹಣ್ಣು ಕೊಡಲು ಹೋಗಿ ಪರಚಿಸಿಕೊಂಡವರಿದ್ದಾರೆ. ನಾಯಿ, ಮಂಗ, ಬಾವಲಿ ಯಾವುದು ಕಚ್ಚಿದರೂ ಪರಚಿದರೂ ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ಗಡಿಯಾರ ನೋಡಿ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಶುರುಮಾಡಬೇಕು. ಊರಿಗೆ ಹೋದ ಮೇಲೆ ನೋಡೋಣ ಎನ್ನಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಸೌದಿಯಲ್ಲಿ 2012ರಲ್ಲಿ ಮೊದಲು ಗುರುತಿಸಿದ, ಉಸಿರಾಟದ ರೋಗ ತರುವ ಮೆರ್ಸ್ ವೈರಾಣು ಒಂಟೆಗಳಲ್ಲಿದೆ. ಆದ್ದರಿಂದ ಯಾತ್ರೆಗೆ ಹೋದವರು ಒಂಟೆಯ ಕೊಟ್ಟಿಗೆಗೆ ಹೋಗುವುದನ್ನೂ ಕಾಯಿಸದ ಒಂಟೆ ಹಾಲನ್ನೂ ಬಿಡಬೇಕು.

ತಿಂಗಳುಗಟ್ಟಲೆ ಮನೆಯಿಂದ ದೂರ ಇರುವವರಿಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಕಾಂಡೋಮ್ ಇಲ್ಲದ ಸಂಪರ್ಕ, ಹಚ್ಚೆ, ಮತ್ತೊಬ್ಬರು ಬಳಸಿದ ಕ್ಷೌರದ ಅಲಗು ಇವುಗಳಿಂದ ಹೆಪಟೈಟಿಸ್ ಬಿ ಬರಬಹುದು, ಮೊದಲೆರಡರಿಂದ ಎಚ್‌ಐವಿ ಕೂಡ. ಅಪಾಯ ಆಗಿಹೋಗಿದೆ ಎನಿಸಿದರೆ 72 ಗಂಟೆಯೊಳಗೆ ಶುರುಮಾಡುವ ಎಚ್‌ಐವಿ ತಡೆ ಔಷಧವಿದೆ. ನಾಚಿಕೆಯಲ್ಲಿ ಆ ಹೊತ್ತು ಕಳೆದುಹೋಗಬಾರದು.

ಬಂದ ಮೇಲೆ

ಮಲೇರಿಯಾ ಇರುವ ಪ್ರದೇಶಕ್ಕೆ ಕಾಲಿಟ್ಟು ಏಳು ದಿನ ಕಳೆದ ಮೇಲೆ ಬಂದ ಯಾವ ಜ್ವರವನ್ನೂ, ಅಲ್ಲಿಂದ ಬಂದು ಮೂರು ತಿಂಗಳೊಳಗೆ ಬಂದ ಯಾವ ಜ್ವರವನ್ನೂ, ತುರ್ತು ಎಂದೇ ಎಣಿಸಬೇಕು. ಕಷಾಯ ಕುಡಿದು ಎರಡು ದಿನ ಕಾಯುವ ಕಾಲವಲ್ಲ ಅದು. ಅದೇ ದಿನ ಮಲೇರಿಯಾದ ರಕ್ತ ಪರೀಕ್ಷೆ ಆಗಬೇಕು. ಮೊದಲ ಸಲ ಏನೂ ಕಾಣದಿದ್ದರೂ ಜ್ವರ ಇಳಿಯದಿದ್ದರೆ 12ರಿಂದ 24 ಗಂಟೆಯ ಅಂತರದಲ್ಲಿ ಇನ್ನೆರಡು ಸಲ ಮಾಡಿಸಬೇಕು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ವೈದ್ಯರ ಎದುರು ಕೂತ ಕೂಡಲೇ, ಅವರು ಕೇಳುವ ಮೊದಲೇ, ಎಲ್ಲಿಂದ ಯಾವ ದಿನ ಬಂದೆ ಎಂದು ಹೇಳಿ. ಹೊರದೇಶದಲ್ಲಿ ಜ್ವರ ಬಂದರೂ ಇದೇ ಮಾತು ತಿರುಗಿ ಅನ್ವಯಿಸುತ್ತದೆ: ಬಾಸ್ಟನ್ನಿನ ವೈದ್ಯರಿಗೆ ಮಂಗನ ಕಾಯಿಲೆಯ ಹೆಸರು ಗೊತ್ತಿರಲಾರದು, ಆದ್ದರಿಂದ ಉಣುಗಿನ ಕಾಲದಲ್ಲಿ ಸಿದ್ದಾಪುರದ ಕಾಡಂಚಿನಿಂದ ಬಂದೆ ಎಂದು ನೀವೇ ಹೇಳಬೇಕು.

ನಮ್ಮ ಮನೆಯಲ್ಲಿ ಈಗ ತಮ್ಮ ಬರುವ ಮೊದಲೇ ನಾದಿನಿ ಫೋನಿನಲ್ಲಿ ಕೇಳಿ ಚೀಟಿ ಬರೆಯುತ್ತಾಳೆ: ಹಡಗು ನಿಂತ ಬಂದರುಗಳು, ದಿನಾಂಕಗಳು, ಯಾವ ಮಾತ್ರೆ, ಕೊನೆಯ ಮಾತ್ರೆ ಯಾವ ದಿನ, ಹಾಕಿಸಿದ ಲಸಿಕೆಗಳು, ರಕ್ತದ ಗುಂಪು. ಒಂದು ಪ್ರತಿ ಅವನ ಪಾಸ್‌ಪೋರ್ಟಿನ ಹೊದಿಕೆಯೊಳಗೆ, ಇನ್ನೊಂದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಇರುತ್ತದೆ. ಯಕೃತ್ತಿನಲ್ಲಿ ಮಲಗಿದ ವೈವಾಕ್ಸ್ ತಿಂಗಳುಗಳ ನಂತರವೂ ಏಳಬಲ್ಲದಾದ್ದರಿಂದ, ಆ ಚೀಟಿಯನ್ನು ಅವಳು ಒಂದು ವರ್ಷ ತುಂಬುವವರೆಗೆ ಅಲ್ಲಿಂದ ತೆಗೆಯುವುದಿಲ್ಲ.